ಗ್ರಂಥಋಣದ ಪಟ್ಟಿ

ಕಳೆದ ಆಟಿ ತಿಂಗಳಲ್ಲಿ ಮೊಮ್ಮಗಳು ಮನೆಗೆ ಬಂದಾಗ ಅವಳ ಮುಖವೂ ಹೊರಗಿನ ಆಕಾಶದ ಹಾಗೆಯೇ ಇತ್ತು. ಅಡಿಕೆಯ ಕೊಳೆರೋಗದ ಮೇಲೆ ಸಂಶೋಧನೆ ಮಾಡುತ್ತಿರುವ ಹುಡುಗಿ. ಎರಡು ಮಳೆಗಾಲ ತೋಟ ತೋಟ ತಿರುಗಿ, ಉಂಬಳಕ್ಕೆ ರಕ್ತ ಕೊಟ್ಟು ಬರೆದ ಲೇಖನವನ್ನು ಒಂದು ವಿಜ್ಞಾನ ಪತ್ರಿಕೆಗೆ ಕಳುಹಿಸಿದ್ದಳು. ಅದು ನಾಲ್ಕೇ ದಿನದಲ್ಲಿ ಹಿಂದೆ ಬಂದಿತ್ತು. ತಿರಸ್ಕರಿಸಿದ್ದೇನೂ ಅಲ್ಲ. ಒಳಗೆ ಏನಿದೆ ಎಂದು ಯಾರೂ ಇನ್ನೂ ಓದಿಯೇ ಇರಲಿಲ್ಲ. ಕೊನೆಯಲ್ಲಿರುವ ಪರಾಮರ್ಶನ ಪಟ್ಟಿ ತಮ್ಮ ಪತ್ರಿಕೆಯ ಕ್ರಮದಲ್ಲಿ ಇಲ್ಲವೆಂದೂ ಸರಿಪಡಿಸಿ ಪುನಃ ಕಳುಹಿಸಬೇಕೆಂದೂ ಎರಡು ಸಾಲು ಬರೆದಿದ್ದರು, ಅಷ್ಟೆ.

"ಒಟ್ಟು 54 ಉಂಟು ಅಜ್ಜ. ಒಂದೊಂದು ಅಲ್ಪವಿರಾಮಕ್ಕೂ ಲೆಕ್ಕ ಕೊಡಬೇಕಂತೆ ಇವರಿಗೆ" ಎಂದಳು.

ನಾನು ನಕ್ಕುಬಿಟ್ಟೆ. ನಗಬಾರದಿತ್ತು, ಅವಳಿಗೆ ಸಿಟ್ಟು ಬಂತು. ಆದರೆ ನನ್ನ ಜೀವಮಾನದ ಅನ್ನ ಹುಟ್ಟಿದ್ದೇ ಆ ಅಲ್ಪವಿರಾಮಗಳಿಂದ. ಕೃಷಿ ಸಂಶೋಧನೆಯ ಒಂದು ಕಚೇರಿಯಲ್ಲಿ 1972ರಿಂದ 2006ರವರೆಗೆ ನಾನು ಬೆರಳಚ್ಚುಗಾರನಾಗಿದ್ದೆ. ವಿಜ್ಞಾನಿಗಳು ಬರೆದ ಲೇಖನದ ಒಡಲು ಹೇಗೂ ಅವರದ್ದು. ಕೊನೆಯ ಆ ಎರಡು ಮೂರು ಪುಟ ಮಾತ್ರ ನಮ್ಮಂಥ ಗುಮಾಸ್ತರ ತಲೆನೋವು.

ಈಗಿನ ಮಕ್ಕಳಿಗೆ ಆ ಕೆಲಸ ಏನೆಂದು ಹೇಳಿದರೆ ಕತೆ ಎನಿಸಬಹುದು. ವಿಜ್ಞಾನಿ ತಾನು ಓದಿದ ಪ್ರತಿಯೊಂದು ಲೇಖನದ ವಿವರವನ್ನು ಅಂಗೈಯಷ್ಟು ಅಗಲದ ಒಂದು ಕಾರ್ಡಿನಲ್ಲಿ ಬರೆದುಕೊಳ್ಳುತ್ತಿದ್ದರು: ಲೇಖಕ, ವರ್ಷ, ಲೇಖನದ ಹೆಸರು, ಪತ್ರಿಕೆ, ಸಂಪುಟ, ಪುಟಗಳು. ಆ ಕಟ್ಟನ್ನು ನನ್ನ ಮೇಜಿನ ಮೇಲೆ ತಂದಿಡುವರು. ನಾನು ಅವನ್ನು ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ ಜೋಡಿಸಿ, ಮೇಲೊಂದು ಕಲ್ಲು ಹೇರಿ ಕುಳಿತುಕೊಳ್ಳುವುದು. ಫ್ಯಾನಿನ ಗಾಳಿಗೆ ಒಮ್ಮೆ ಹಾರಿತೆಂದರೆ ಅರ್ಧ ದಿನ ಹೋಯಿತು. ಟೈಪ್‌ರೈಟರಿನಲ್ಲಿ ಓರೆ ಅಕ್ಷರ ಎಂಬುದಿಲ್ಲ. ಶಿಲೀಂಧ್ರದ ಲ್ಯಾಟಿನ್ ಹೆಸರು ಅಚ್ಚಿನಲ್ಲಿ ಓರೆಯಾಗಿ ಬರಬೇಕಿದ್ದರೆ, ಹೆಸರು ಕುಟ್ಟಿ, ಅಷ್ಟೇ ಅಕ್ಷರ ಹಿಂದಕ್ಕೆ ಬಂದು, ಅಡಿಗೆರೆ ಎಳೆಯಬೇಕು. ಸಂಪುಟದ ಸಂಖ್ಯೆ ದಪ್ಪಕ್ಷರದಲ್ಲಿ ಬರಬೇಕಿದ್ದರೆ ಅದರ ಅಡಿಗೆ ಪೆನ್ನಿನಲ್ಲಿ ಅಲೆಗೆರೆ. ಅಚ್ಚುಕೂಟದವನಿಗೆ ಈ ಗೆರೆಗಳ ಭಾಷೆ ತಿಳಿದಿತ್ತು. ಪತ್ರಿಕೆಗಳ ಹೆಸರನ್ನು ಕತ್ತರಿಸುವುದಕ್ಕೂ ಮನಸ್ಸಿಗೆ ಬಂದ ಹಾಗೆ ಮಾಡುವಂತಿಲ್ಲ. ಲೋಕದ ವಿಜ್ಞಾನ ಪತ್ರಿಕೆಗಳ ಹೆಸರುಗಳನ್ನು ಹೇಗೆ ಮೊಟಕು ಮಾಡಬೇಕೆಂದು ಹೇಳುವ ದಪ್ಪ ದಪ್ಪ ಗ್ರಂಥ ಲೈಬ್ರರಿಯಲ್ಲಿತ್ತು, ಅದನ್ನು ನೋಡಿಯೇ ಆಗಬೇಕು. ಒಂದು ಪತ್ರಿಕೆ ಒಪ್ಪದೆ ಇನ್ನೊಂದಕ್ಕೆ ಕಳುಹಿಸುವುದಾದರೆ ಇನ್ನೊಂದರ ಕ್ರಮ ಬೇರೆ. ಪಟ್ಟಿ ಪೂರಾ ಹೊಸತಾಗಿ, ಮೂರು ಕಾರ್ಬನ್ ಇಟ್ಟು, ಮೊದಲಿನಿಂದ.

ಸೇರಿದ ಹೊಸತರಲ್ಲಿ ನನಗೆ ಇದರ ತಲೆಬುಡ ತಿಳಿಯುತ್ತಿರಲಿಲ್ಲ. 'ಎಟ್ ಆಲ್' ಎಂದು ಎಲ್ಲೆಲ್ಲೂ ಬರುತ್ತಿತ್ತು. ಈ ಆಲ್ ಎಂಬವರು ಎಂಥ ಪುಣ್ಯಾತ್ಮರು, ದೇಶದ ಎಲ್ಲರ ಜೊತೆಯಲ್ಲೂ ಕೆಲಸ ಮಾಡಿದ್ದಾರಲ್ಲ ಎಂದು ಎರಡು ತಿಂಗಳು ಬೆರಗುಪಟ್ಟಿದ್ದೆ. ಅದು 'ಮತ್ತಿತರರು' ಎಂಬುದರ ಲ್ಯಾಟಿನ್ ಎಂದು ಲೈಬ್ರರಿಯವರು ಹೇಳಿದ ಮೇಲೆ ಆ ಬೆರಗು ಹೋಯಿತು. ಕರ್ತೃ ಯಾರೆಂದು ಗೊತ್ತಿಲ್ಲದ ಪ್ರಕಟಣೆಗೆ ಹಾಕುವ 'ಅನಾನ್' ಎಂಬವರ ವಿಷಯವನ್ನಂತೂ ನಾನಾಗಿ ಯಾರಲ್ಲೂ ಕೇಳಲಿಲ್ಲ.

ಈ ಕ್ರಮಗಳೆಲ್ಲ ಯಾವ ಕಾಲದಿಂದ ಬಂದವು ಎಂದು ಮೊಮ್ಮಗಳು ಕೇಳಿದಳು. ಲೇಖಕನ ಹೆಸರನ್ನೂ ವರ್ಷವನ್ನೂ ಕಂಸದೊಳಗೆ ಹಾಕಿ ಮಾತಿನ ನಡುವೆಯೇ ಇಡುವ ಪದ್ಧತಿಯ ಮೊದಲಿಗರು ಅಮೆರಿಕದ ಹಾರ್ವರ್ಡಿನ ಪ್ರಾಣಿಶಾಸ್ತ್ರಜ್ಞ ಎಡ್ವರ್ಡ್ ಲಾರೆನ್ಸ್ ಮಾರ್ಕ್ ಎನ್ನುವುದುಂಟು. 1881ರಲ್ಲಿ ಅವರು ಬರೆದ ಒಂದು ದೀರ್ಘ ಲೇಖನದಲ್ಲಿ ಅದು ಕಾಣುತ್ತದೆ. ಲೇಖನದ ವಿಷಯ ಚಿಪ್ಪಿಲ್ಲದ ಬಸವನಹುಳ. ಆಟಿಯ ರಾತ್ರಿ ನಮ್ಮ ಬಚ್ಚಲಿನ ಗೋಡೆ ಹತ್ತುವ ಜಾತಿಯದ್ದೇ ಎನ್ನಿ. ಇನ್ನೊಂದು, ಒಂದು ಎರಡು ಮೂರು ಎಂದು ಅಂಕೆ ಕೊಟ್ಟು ಹೋಗುವ ಕ್ರಮ. ವೈದ್ಯಕೀಯ ಪತ್ರಿಕೆಗಳ ಕೆಲವು ಸಂಪಾದಕರು 1978ರಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ ಸೇರಿ ಒಂದು ಸಾಮಾನ್ಯ ಕ್ರಮಕ್ಕೆ ಒಪ್ಪಿಕೊಂಡದ್ದರಿಂದ ಅದಕ್ಕೆ ಆ ಊರಿನ ಹೆಸರೇ ಬಂತು. ಟೈಪಿಸ್ಟನಾಗಿ ನನ್ನ ಮತ ಹಾರ್ವರ್ಡಿಗೆ. ಅಂಕೆಯ ಕ್ರಮದಲ್ಲಿ ನಡುವೆ ಒಂದು ಲೇಖನ ಸೇರಿಸಿದರೆ ಅಲ್ಲಿಂದ ಕೆಳಗೆ ಎಲ್ಲ ಅಂಕೆಯೂ ತಿದ್ದಬೇಕು, ಪಟ್ಟಿಯಲ್ಲಿಯೂ ಒಡಲಿನಲ್ಲಿಯೂ. ಇದು ವಿಜ್ಞಾನದ ಅಭಿಪ್ರಾಯವಲ್ಲ, ಬೆರಳಿನ ಗಂಟಿನ ಅಭಿಪ್ರಾಯ.

"ಅದಕ್ಕೆಲ್ಲ ಈಗ ಸಾಫ್ಟ್‌ವೇರ್ ಉಂಟು ಅಜ್ಜ" ಎಂದು ಮೊಮ್ಮಗಳು ಲ್ಯಾಪ್‌ಟಾಪ್ ತೆರೆದಳು. ಝೋಟೆರೋ ಎಂದು ಅದರ ಹೆಸರು, ಬಿಟ್ಟಿಯಾಗಿಯೇ ಸಿಗುತ್ತದಂತೆ. ಪತ್ರಿಕೆಯ ಕ್ರಮ ಇಂಥದ್ದು ಎಂದು ಆರಿಸಿ ಒತ್ತಿದಳು. ನಾನು ಎರಡು ದಿನ ಕುಟ್ಟುತ್ತಿದ್ದ ಪಟ್ಟಿ ಕಣ್ಣು ಮಿಟುಕಿಸುವುದರೊಳಗೆ ತಿರುಗಿ ನಿಂತಿತು. ಅಲ್ಪವಿರಾಮ ಇದ್ದಲ್ಲಿ ಪೂರ್ಣವಿರಾಮ, ದಪ್ಪ ಇದ್ದದ್ದು ತೆಳು, ಕಂಸ ಹೋದದ್ದು ಬಂದದ್ದು ಎಲ್ಲ ಸರಿ. ನನಗೆ ಸಂತೋಷವೂ ಆಯಿತು, ಒಳಗೊಳಗೆ ಸ್ವಲ್ಪ ಬೇಸರವೂ ಆಯಿತು ಎಂದು ಹೇಳಿದರೆ ಸುಳ್ಳಲ್ಲ. ಆದರೆ ಹಳೆಯ ಅಭ್ಯಾಸ, ಕೆಂಪು ಪೆನ್ಸಿಲು ಹಿಡಿದು ಅಚ್ಚು ಹಾಕಿಸಿದ ಪ್ರತಿಯ ಮೇಲೆ ಕೂತೆ. ಯಂತ್ರಕ್ಕೆ ಚಿಹ್ನೆಗಳು ಗೊತ್ತು, ನಮ್ಮ ಹೆಸರುಗಳು ಗೊತ್ತಿಲ್ಲ.

ಗಡಿನಾಡಿನ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಟ್ಟಿಯಲ್ಲಿ ಹೆಸರು ಬರೆಯುವ ಕ್ರಮವೆಂದರೆ ಮೊದಲು ಕುಲನಾಮ, ಅನಂತರ ಉಳಿದದ್ದಕ್ಕೆ ಒಂದೊಂದು ಅಕ್ಷರ. ಪಾಶ್ಚಾತ್ಯರಿಗೆ ಅದು ಸರಾಗ. ನಮ್ಮಲ್ಲಿ ಮೊದಲ ಅಕ್ಷರ ಊರಿನದ್ದು, ಇಲ್ಲವೆ ಮನೆಯದ್ದು, ಇಲ್ಲವೆ ತಂದೆಯದ್ದು. ರಾಷ್ಟ್ರಕವಿ ಎಂ. ಗೋವಿಂದ ಪೈಗಳ 'ಎಂ' ಎಂದರೆ ಮಂಜೇಶ್ವರ. ಈ ಕ್ರಮಕ್ಕೆ ಹಾಕಿದರೆ ಅವರು 'ಪೈ, ಎಂ. ಜಿ.' ಆಗುತ್ತಾರೆ. ಕವಿಗೆ ಕವಿಯ ಹೆಸರೂ ಇಲ್ಲ, ಊರಿಗೆ ಊರೂ ಇಲ್ಲ. ಇಪ್ಪತ್ತಕ್ಕೂ ಮಿಕ್ಕಿ ಭಾಷೆ ಬಲ್ಲವರೆಂದು ಹೆಸರಾಗಿದ್ದ, ಒಂದು ಇಸವಿಗಾಗಿ ಹತ್ತು ಆಕರ ತಡಕುತ್ತಿದ್ದ ಆ ಸಂಶೋಧಕರಿಗೇ ಈ ಗತಿ. ಕಯ್ಯಾರ ಕಿಞ್ಞಣ್ಣ ರೈಗಳ ಹೆಸರಂತೂ ಇನ್ನೂ ಕಷ್ಟ. ಕಯ್ಯಾರ ಊರು, ರೈ ಕುಲ, ನಡುವಿನ 'ಞ್ಞ' ಕನ್ನಡದ ಬೇರೆ ಸೀಮೆಯವರಿಗೇ ಬರೆಯಲು ಬಾರದು, ಮಲಯಾಳಿಗಳಿಗೆ ನೀರು ಕುಡಿದಷ್ಟು ಸುಲಭ. ಇಂಗ್ಲಿಷಿನಲ್ಲಿ ಅದನ್ನು ಒಬ್ಬೊಬ್ಬರು ಒಂದೊಂದು ತರ ಬರೆಯುತ್ತಾರೆ. ಬರೆದಷ್ಟು ತರಕ್ಕೆ ಅಷ್ಟು ಜನ ಎಂದು ಯಂತ್ರ ಎಣಿಸುತ್ತದೆ. ಈ ಗೊಂದಲ ನಮ್ಮದು ಮಾತ್ರ ಅಲ್ಲದ್ದರಿಂದಲೇ 2012ರಲ್ಲಿ ಸಂಶೋಧಕರಿಗೆಲ್ಲ ಒಂದೊಂದು ಶಾಶ್ವತ ಸಂಖ್ಯೆ ಕೊಡುವ 'ಆರ್ಕಿಡ್' ಎಂಬ ವ್ಯವಸ್ಥೆ ಶುರುವಾಯಿತು. ಮೊಮ್ಮಗಳಿಗೂ ಹದಿನಾರು ಸ್ಥಾನದ ಅಂಥ ಒಂದು ಸಂಖ್ಯೆ ಉಂಟು.

ಊರಿನ ಸಂಗತಿಯೂ ಹಾಗೆಯೇ. ಅವಳ ಪಟ್ಟಿಯಲ್ಲಿ ನಮ್ಮ ಕಾಸರಗೋಡು ಮೂರು ವಿಳಾಸದಲ್ಲಿ ಬಂದಿತ್ತು. 1956ರ ನವೆಂಬರಿಗೆ ಮೊದಲಿನ ಪ್ರಕಟಣೆಗಳಲ್ಲಿ ಮದರಾಸಿನ ದಕ್ಷಿಣ ಕನ್ನಡ, ಆಮೇಲಿನವುಗಳಲ್ಲಿ ಕೇರಳದ ಕಣ್ಣೂರು ಜಿಲ್ಲೆ, 1984ರ ಮೇಯಲ್ಲಿ ಪ್ರತ್ಯೇಕ ಜಿಲ್ಲೆಯಾದ ನಂತರ ಕಾಸರಗೋಡು ಜಿಲ್ಲೆ. ಮೂರನ್ನೂ ಒಂದೇ ಮಾಡಿಬಿಡುತ್ತೇನೆ ಎಂದು ಹೊರಟಳು. ಬೇಡ ಎಂದೆ. ಪ್ರಕಟಣೆಯ ಮೇಲೆ ಏನು ಅಚ್ಚಾಗಿದೆಯೋ ಅದನ್ನೇ ಬರೆಯಬೇಕೆಂಬುದು ಈ ವಿದ್ಯೆಯ ಕಟ್ಟಳೆ. ನಾವು ಕಾಲಕ್ಕೆ ತಕ್ಕ ಹಾಗೆ ತಿದ್ದಿದರೆ ನಾಳೆ ಲೈಬ್ರರಿಯಲ್ಲಿ ಹುಡುಕುವವನಿಗೆ ಆ ಪುಸ್ತಕ ಸಿಗಲಿಕ್ಕಿಲ್ಲ. ಮೂರು ವಿಳಾಸವೂ ಹಾಗೆಯೇ ಉಳಿದವು.

ಎರಡನೆಯ ರಾತ್ರಿ 31ನೆಯ ನಮೂದಿಗೆ ಬಂದಾಗ ನನ್ನ ಪೆನ್ಸಿಲು ನಿಂತಿತು. ಪುಟ 134ರಿಂದ 147 ಎಂದಿತ್ತು. ಆ ಲೇಖನ ನನಗೆ ಗೊತ್ತು, 1983ರಲ್ಲಿ ಅದನ್ನು ಉಲ್ಲೇಖಿಸಿದ ಒಂದು ಬರಹವನ್ನು ನಾನೇ ಟೈಪ್ ಮಾಡಿದ್ದು. ಅಟ್ಟದ ಟ್ರಂಕಿನಲ್ಲಿ ಹಳೆಯ ಕಾರ್ಬನ್ ಪ್ರತಿಗಳೂ ಕೆಲವು ಕಾರ್ಡಿನ ಕಟ್ಟುಗಳೂ ಇದ್ದವು. ಇಳಿಸಿ ನೋಡಿದೆವು. ಕಾರ್ಡಿನಲ್ಲಿ ವಿಜ್ಞಾನಿಯ ಅಕ್ಷರದಲ್ಲಿ ಸ್ಪಷ್ಟವಾಗಿ 143. ಕಾರ್ಬನ್ ಪ್ರತಿಯಲ್ಲಿ 134. ಬೆರಳು ಹಿಂದುಮುಂದಾದದ್ದು ನನ್ನದು.

"ನೀನು ಮೂಲ ಲೇಖನ ನೋಡಿದ್ದೀಯೋ?" ಎಂದು ಕೇಳಿದೆ. ಅವಳು ಮಾತಾಡಲಿಲ್ಲ. ಬೇರೊಬ್ಬರ ಪಟ್ಟಿಯಿಂದ ಎತ್ತಿಕೊಂಡದ್ದು. ಅವರು ಇನ್ನೊಬ್ಬರಿಂದ ಎತ್ತಿಕೊಂಡಿರಬೇಕು, ನಡುವೆ ಬಂದ ಇನ್ನೆರಡು ಲೇಖನಗಳಲ್ಲೂ ಅದೇ 134. ನಲ್ವತ್ತು ವರ್ಷ ನನ್ನ ತಪ್ಪು ಕೈಯಿಂದ ಕೈಗೆ ದಾಟಿ, ಕಡೆಗೆ ನನ್ನ ಜಗಲಿಗೇ ಬಂದು ಕೂತಿತ್ತು. ಬೈಯಬೇಕೆಂದಿದ್ದೆ, ಯಾವ ಬಾಯಲ್ಲಿ ಬೈಯುವುದು? ಅವಳೇ ಒಂದು ಸಂಗತಿ ಹೇಳಿದಳು. 2003ರಲ್ಲಿ ಸಿಮ್ಕಿನ್ ಮತ್ತು ರಾಯ್‌ಚೌಧುರಿ ಎಂಬ ಇಬ್ಬರು ಕ್ಯಾಲಿಫೋರ್ನಿಯಾದಲ್ಲಿ ಇಂಥ ಮರುಕಳಿಸುವ ಅಚ್ಚಿನ ತಪ್ಪುಗಳನ್ನೇ ಎಣಿಸಿ ಲೆಕ್ಕ ಹಾಕಿದ್ದರಂತೆ. ಉಲ್ಲೇಖಿಸುವವರಲ್ಲಿ ಮೂಲವನ್ನು ಓದಿದವರು ಐದರಲ್ಲಿ ಒಬ್ಬರು ಮಾತ್ರ ಎಂದು ಅವರ ಅಂದಾಜು. "ಅದನ್ನಾದರೂ ಓದಿದ್ದೀಯೋ?" ಎಂದೆ. "ಅದು ಓದಿದ್ದೇನೆ" ಎಂದು ನಕ್ಕಳು. ಮರುದಿನ ಬೆಳಿಗ್ಗೆ ಯಾರ ಮೂಲಕವೋ ಮೂಲ ಲೇಖನದ ಪ್ರತಿ ತರಿಸಿಕೊಂಡಳು. 143 ಸರಿ. ಓದುವಾಗ ಇನ್ನೊಂದು ಗೊತ್ತಾಯಿತು: ಆ ಲೇಖನ ಹೇಳಿದ್ದೇ ಒಂದು, ಇವಳು ಅದರ ಹೆಸರಿನಲ್ಲಿ ಬರೆದದ್ದೇ ಇನ್ನೊಂದು. ಒಂದು ಇಡೀ ಪರಿಚ್ಛೇದ ತಿದ್ದಬೇಕಾಯಿತು.

ಟ್ರಂಕು ಇಳಿಸದೇ ಇದ್ದಿದ್ದರೆ ಮುಂದಿನದ್ದನ್ನು ನಾನು ಬರೆಯುತ್ತಿರಲಿಲ್ಲ. ಕಾರ್ಬನ್ ಪ್ರತಿಗಳ ಕೆಳಗೆ 1986ರ ಒಂದು ಲೇಖನ ಇತ್ತು.

ನನ್ನ ಸೋದರಮಾವ ಅಡಿಕೆ ತೋಟದವರು. 1951ರಿಂದ 1989ರವರೆಗೆ ಉದ್ದದ ಲೆಕ್ಕಪುಸ್ತಕಗಳಲ್ಲಿ ಮಳೆಗಾಲದ ಲೆಕ್ಕ ಬರೆದಿಟ್ಟವರು. ಕರ್ಕಾಟಕ 12, ಪುಷ್ಯ ಮಳೆ, ಬಿಡದೆ ಐದು ದಿನ, ಆರನೆಯ ದಿನ ಮಧ್ಯಾಹ್ನ ಬಿಸಿಲು, ಪುನಃ ಮಳೆ. ತೋಡಿನ ಬದಿಯ ಮೂರನೆಯ ಸಾಲಿನಲ್ಲಿ ಮೊದಲ ಕೊಳೆ ಅಡಿಕೆ ಬಿದ್ದದ್ದು ಕಂಡಿತು. ಮೈಲುತುತ್ತು ಇಷ್ಟು, ಸುಣ್ಣ ಇಷ್ಟು, ಮದ್ದು ಬಿಡಲು ಬಂದವರ ಹೆಸರು, ಮರ ಎಷ್ಟು. ಮಳೆ ಬಿಸಿಲು ಎರಡೂ ಕೂಡಿ ಬಂದರೆ ಕೊಳೆ ಹಬ್ಬುವುದು ಹೆಚ್ಚೆಂದು ತೋಟದವರೆಲ್ಲ ಬಾಯಲ್ಲಿ ಹೇಳುತ್ತಾರೆ. ಮಾವ ದಿನ ಹಾಕಿ ಬರೆದಿದ್ದರು. ಒಬ್ಬ ವಿಜ್ಞಾನಿ ಆ ಪುಸ್ತಕಗಳನ್ನು ಎರಡು ವಾರದ ಮಟ್ಟಿಗೆ ಕೇಳಿ ಒಯ್ದರು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಜೋಪಾನವಾಗಿ ಹಿಂದೆ ತಂದುಕೊಟ್ಟರು. ಪ್ರಾಮಾಣಿಕ ಮನುಷ್ಯ, ಅವರ ಮೇಲೆ ನನ್ನ ದೂರಿಲ್ಲ. ಲೇಖನದ ನಡುವೆ ಕಂಸದಲ್ಲಿ ಮಾವನ ಹೆಸರು ಹಾಕಿ 'ವೈಯಕ್ತಿಕ ತಿಳಿವಳಿಕೆ' ಎಂಬರ್ಥದ ಎರಡು ಇಂಗ್ಲಿಷ್ ಶಬ್ದ ಬರೆದಿದ್ದರು. ಅಚ್ಚಾಗದೇ ಇರುವ ಮಾಹಿತಿಯನ್ನು ಹೀಗೆ ಒಡಲಿನಲ್ಲಿ ಮಾತ್ರ ಹೇಳುವುದು, ಕೊನೆಯ ಪಟ್ಟಿಗೆ ಸೇರಿಸಬಾರದು. ಓದುಗ ಹೋಗಿ ನೋಡಲಿಕ್ಕಾಗದ್ದನ್ನು ಪಟ್ಟಿಯಲ್ಲಿಟ್ಟು ಏನು ಪ್ರಯೋಜನ ಎಂಬುದು ಆ ನಿಯಮದ ಹಿಂದಿನ ನ್ಯಾಯ. ನ್ಯಾಯ ಸರಿಯಾದದ್ದೇ.

ಅಚ್ಚಾದ ಲೇಖನದ ಒಂದು ಪ್ರತಿಯನ್ನು ಆ ವಿಜ್ಞಾನಿ ತಾವೇ ಮಾವನ ಮನೆಗೆ ಬಂದು ಕೊಟ್ಟರು. ಮಾವನಿಗೆ ಇಂಗ್ಲಿಷ್ ಅಕ್ಷರ ಕೂಡಿಸಿ ಓದಲು ಬರುತ್ತಿತ್ತು. ಅವರು ಹೋದ ಮೇಲೆ ಕೊನೆಯ ಪುಟ ತೆಗೆದು, ಬೆರಳಿಟ್ಟು, ಮೇಲಿನಿಂದ ಕೆಳಗಿನವರೆಗೆ ಬಂದರು. ನಾನು ಎದುರಿಗೇ ಕೂತಿದ್ದೆ.

"ಇದರಲ್ಲಿ ನಾನು ಎಲ್ಲಿದ್ದೇನೆ ಮಾರಾಯ?"

"ಪಟ್ಟಿ ಉದ್ದ ಆಯಿತೆಂದು ಅಚ್ಚಿನವರು ಕೆಲವು ಬಿಟ್ಟಿದ್ದಾರೆ ಮಾವ" ಎಂದೆ. ಅಪ್ಪಟ ಸುಳ್ಳು. ನಿಯಮ ವಿವರಿಸಬಹುದಿತ್ತು. ವಿವರಿಸಿದರೆ, ಮೂವತ್ತೈದು ವರ್ಷ ಬರೆದದ್ದು ಪುಸ್ತಕದ ಲೆಕ್ಕಕ್ಕಿಲ್ಲವೋ ಎಂದು ಕೇಳುತ್ತಾರೆ ಎಂಬ ಹೆದರಿಕೆ.

"ಆಗಲಿ. ಸೊಸೈಟಿಯ ಸಾಲದ ಪಟ್ಟಿಯಲ್ಲಿ ಮಾತ್ರ ನನ್ನ ಹೆಸರು ಯಾವಾಗಲೂ ಬಿಟ್ಟುಹೋಗುವುದಿಲ್ಲ" ಎಂದು ನಕ್ಕು, ಆ ಪ್ರತಿಯನ್ನು ಪಂಚಾಂಗದ ಕಟ್ಟಿನೊಳಗೆ ಇಟ್ಟರು. ನಮ್ಮ ಹಳೆಯ ವಿದ್ವಾಂಸರು ತಮ್ಮ ಪುಸ್ತಕದ ಕೊನೆಯ ಪಟ್ಟಿಗೆ 'ಗ್ರಂಥಋಣ' ಎಂದು ಹೆಸರಿಡುತ್ತಿದ್ದರಲ್ಲ, ಆ ಶಬ್ದ ಟೈಪ್ ಮಾಡುವಾಗ ನನಗೆ ಎಂದೂ ಹೊಳೆದದ್ದಲ್ಲ, ಆ ದಿನ ಹೊಳೆಯಿತು.

ಇನ್ನೊಂದನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ವಿಜ್ಞಾನಿಯ ಹಸ್ತಪ್ರತಿಯಲ್ಲಿ ಮಾವನ ಹೆಸರಿನ ಮುಂದೆ ಎರಡು ಅಕ್ಷರ ಇತ್ತು, ಮನೆಯದ್ದೊಂದು, ಹೆಸರಿನದ್ದೊಂದು. ಟೈಪ್ ಮಾಡುವಾಗ ಪುಟದ ಕೊನೆಯ ಸಾಲು. ಎರಡೂ ಹಾಕಿದರೆ ಸಾಲು ಮುರಿದು ಇನ್ನೊಂದು ಪುಟಕ್ಕೆ ಹೋಗುತ್ತದೆ, ಮುಂದಿನ ಪುಟಗಳೆಲ್ಲ ಆಗಲೇ ಕುಟ್ಟಿ ಆಗಿತ್ತು. ಮನೆಯ ಅಕ್ಷರವನ್ನು ಬಿಟ್ಟೆ. ಈಗ ಆ ಕಂಸದೊಳಗೆ ಇರುವುದು ಒಂದಕ್ಷರದ ಒಬ್ಬ ಭಟ್ಟರು. ನಮ್ಮ ಗ್ರಾಮದಲ್ಲೇ ಆ ಅಕ್ಷರದ ಭಟ್ಟರು ಹತ್ತು ಹನ್ನೆರಡು ಮಂದಿ ಸಿಗುತ್ತಾರೆ. ಮಾವ 1991ರಲ್ಲಿ ತೀರಿಕೊಂಡರು.

ಇದನ್ನೆಲ್ಲ ಮೊಮ್ಮಗಳಿಗೆ ಹೇಳಿದಾಗ ಅವಳು ಕೇಳಿದ್ದು ಒಂದೇ ಪ್ರಶ್ನೆ: "ಆ ಪುಸ್ತಕಗಳು ಈಗ ಎಲ್ಲಿವೆ ಅಜ್ಜ?"

ಅತ್ತೆಯ ಕೋಣೆಯಲ್ಲಿದ್ದವು. ಎರಡನ್ನು ಗೆದ್ದಲು ಅಂಚಿನಲ್ಲಿ ತಿಂದಿತ್ತು, ಉಳಿದವು ಗಟ್ಟಿ. ಮೊಮ್ಮಗಳು ಒಂದು ವಾರ ಕೂತು ಪ್ರತಿ ಪುಟದ ಚಿತ್ರ ತೆಗೆದಳು. ಕರ್ಕಾಟಕ ಸಿಂಹ ತಿಂಗಳ ದಿನಗಳನ್ನು ಇಂಗ್ಲಿಷ್ ತಾರೀಕಿಗೆ ತಿರುಗಿಸಿ ಪಟ್ಟಿ ಮಾಡಿದಳು. ಅದಕ್ಕೆ ಹಳೆಯ ಪಂಚಾಂಗಗಳೇ ಬೇಕಾದವು, ಸಂಕ್ರಮಣ ಎಲ್ಲ ವರ್ಷವೂ ಒಂದೇ ತಾರೀಕಿಗೆ ಬರುವುದಿಲ್ಲವಲ್ಲ. ಹೀಗೆ ಸಿದ್ಧವಾದದ್ದನ್ನು ಝೆನೋಡೊ ಎಂಬಲ್ಲಿ ಇಡಬಹುದಂತೆ. ಯುರೋಪಿನ ಸರ್ನ್ ಎಂಬ ಪರಮಾಣು ಸಂಶೋಧನಾ ಕೇಂದ್ರದವರು 2013ರಲ್ಲಿ ತೆರೆದ ಭಂಡಾರ. ಹಣ ಕೇಳುವುದಿಲ್ಲ. ಇಟ್ಟದ್ದಕ್ಕೆ ಡಿಒಐ ಎಂಬ ಒಂದು ಕಾಯಂ ಗುರುತು ಸಿಗುತ್ತದೆ, ಲೋಕದ ಯಾವ ಮೂಲೆಯವನೂ ಅದರಿಂದ ಹುಡುಕಿ ತೆಗೆದು ನೋಡಬಹುದು. ನೋಡಬಹುದಾದದ್ದು ಎಂದಾದ ಮೇಲೆ ಪಟ್ಟಿಗೆ ಸೇರಿಸಲು ಅಡ್ಡಿ ಇಲ್ಲ.

ಅಲ್ಲಿ ಒಂದು ಅರ್ಜಿ ತುಂಬಿಸಬೇಕು. ಕರ್ತೃವಿನ ಹೆಸರಿಗೆ ಎರಡೇ ಖಾನೆ, ಕುಲನಾಮ ಒಂದು, ಸ್ವಂತ ಹೆಸರು ಒಂದು. ಮನೆ ಹೆಸರಿಗೆ ಖಾನೆ ಇಲ್ಲ. ನಾವಿಬ್ಬರೂ ಚರ್ಚೆಗೆ ಕೂತೆವು. ಜಾಗದ ಹಳೆಯ ಕನ್ನಡ ದಸ್ತಾವೇಜಿನಲ್ಲಿ ಮನೆ ಹೆಸರು ಒಂದು ತರ, ಮಲಯಾಳದ ರೇಶನ್ ಕಾರ್ಡಿನಲ್ಲಿ ಇನ್ನೊಂದು ತರ, ಇಂಗ್ಲಿಷಿನ ಬ್ಯಾಂಕ್ ಪುಸ್ತಕದಲ್ಲಿ ಮೂರನೆಯ ತರ. ನಡುವಿನ ಳಕಾರವನ್ನು ಇಂಗ್ಲಿಷಿನಲ್ಲಿ ಹೇಗೆ ತೋರಿಸುವುದೆಂದೇ ಒಂದು ಗಂಟೆ ಹೋಯಿತು.

ಅತ್ತೆ ಒಳಗಿನಿಂದ ಗೋಡೆ ಹಿಡಿದು ಬಂದರು. ತೊಂಬತ್ತು ಕಳೆದಿದೆ, ಕಿವಿ ಮಾತ್ರ ಚುರುಕು. "ಎಂತಕ್ಕೆ ಅಷ್ಟು ಜಗಳ? ಮೊದಲ ಪುಸ್ತಕದ ಮೊದಲ ಪುಟದಲ್ಲಿ ಅವರೇ ಬರೆದದ್ದು ಉಂಟಲ್ಲ. ಹಾಗೆಯೇ ಹಾಕಿ."

ಇತ್ತು. 1951ನೆಯ ಇಸವಿ ಎಂದು ಬರೆದು, ಕೆಳಗೆ ಗುಂಡಗಿನ ಅಕ್ಷರದಲ್ಲಿ ಮನೆ, ಗ್ರಾಮ, ಹೆಸರು, ಅದರ ಕೆಳಗೆ 'ಮಳೆ ಮತ್ತು ತೋಟದ ಲೆಕ್ಕ'. ಹೆಸರಿನ ಖಾನೆಗೆ ಮನೆಯನ್ನೂ ಸೇರಿಸಿ ತುಂಬಿಸಿದಳು. ವಿವರದ ಜಾಗದಲ್ಲಿ ಆ ಪುಟದ ಸಾಲುಗಳನ್ನು ಕನ್ನಡದಲ್ಲಿ ಇದ್ದ ಹಾಗೆಯೇ ಬರೆದಳು. ತನ್ನ ಲೇಖನದ ಪಟ್ಟಿಯಲ್ಲಿ ಪುಸ್ತಕದ ಹೆಸರನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆದು, ಚೌಕ ಕಂಸದಲ್ಲಿ ಅದರ ಅರ್ಥ ಕೊಟ್ಟು, ಭಾಷೆ ಕನ್ನಡ ಎಂದು ನಮೂದಿಸಿದಳು. 54 ಇದ್ದದ್ದು 55 ಆಯಿತು. ಅಕ್ಷರಮಾಲೆಯ ಕ್ರಮವಾದ್ದರಿಂದ ಯಾವ ಅಂಕೆಯನ್ನೂ ತಿದ್ದಬೇಕಾಗಿ ಬರಲಿಲ್ಲ.

ಇಲ್ಲಿ ಮಾವನ ಹೆಸರನ್ನು ನಾನೇಕೆ ಬರೆದಿಲ್ಲ ಎಂದು ಓದುಗರಿಗೆ ಅನಿಸಬಹುದು. ಲೇಖನವನ್ನು ಪರಿಶೀಲಿಸುವ ತಜ್ಞರಿಗೆ ಬರೆದವರ ಗುರುತು ತಿಳಿಯಬಾರದೆಂಬ ನಿಯಮ ಆ ಪತ್ರಿಕೆಯದ್ದು, ಅಚ್ಚಾಗುವ ತನಕ ಅಜ್ಜ ಬಾಯಿ ಮುಚ್ಚಿಕೊಂಡಿರಬೇಕೆಂದು ಮೊಮ್ಮಗಳ ಆಜ್ಞೆ.

ಅಂತೂ ಪಟ್ಟಿಯ ಕೊನೆಯ ಪ್ರತಿ ತೆಗೆದು ಅತ್ತೆಗೆ ತೋರಿಸಿದೆ. ಅಲ್ಲಿ ಲೆಸ್ಲಿ ಕೋಲ್ಮನ್ನರ ಹೆಸರೂ ಇತ್ತು. 1908ರಲ್ಲಿ ಮೈಸೂರಿಗೆ ಬಂದು, ಅಡಿಕೆಯ ಕೊಳೆರೋಗಕ್ಕೆ ಕಾರಣವಾದ ಶಿಲೀಂಧ್ರವನ್ನು ಗುರುತಿಸಿ, ಬೋರ್ಡೋ ದ್ರಾವಣ ಬಿಡಬೇಕೆಂದು 1910ರಲ್ಲಿ ಬರೆದ ಕೆನಡಾದವರು. 1913ರಲ್ಲಿ ಪೆತಿಬ್ರಿಜ್ ಎಂಬವರು ಆ ಶಿಲೀಂಧ್ರದ ಹೆಸರನ್ನು ಬದಲಾಯಿಸಿ ಫೈಟಾಫ್ತೊರಾ ಅರೆಕೆ ಎಂದರು. ಆಗಲೂ ಕೋಲ್ಮನ್ನರ ಹೆಸರು ಮುಂದೆ ಕಂಸದೊಳಗೆ ಉಳಿಯಿತು, ಮೊದಲು ಹೆಸರಿಟ್ಟವನನ್ನು ಬಿಡಬಾರದೆಂಬುದು ಸಸ್ಯಶಾಸ್ತ್ರದ ಕಟ್ಟಳೆ. ಟೈಪ್ ಮಾಡುವ ಕಾಲದಲ್ಲಿ ಆ ಕಂಸವನ್ನು ಮರೆತು ನಾನು ಬೈಸಿಕೊಂಡದ್ದುಂಟು. ಕಾಫಿಯ ಕೊಳೆಗೆ ಕುಕ್ ಎಂಬ ಇಂಗ್ಲಿಷ್ ವಿದ್ವಾಂಸ 1876ರಲ್ಲಿ ಇಟ್ಟ ಲ್ಯಾಟಿನ್ ಹೆಸರಿನಲ್ಲಿ 'ಕೊಳೆರೋಗ' ಎಂಬ ನಮ್ಮ ಶಬ್ದವೇ ಸೇರಿಕೊಂಡಿದೆ. ಆ ಶಬ್ದ ಮಾಡಿದ ತೋಟದವನಿಗೆ ಮಾತ್ರ ಯಾವ ಕಂಸವೂ ಸಿಗಲಿಲ್ಲ.

"ಅವರ ಹೆಸರು ಯಾವುದು?" ಎಂದು ಅತ್ತೆ ಕೇಳಿದರು. ಬೆರಳು ಹಿಡಿದು ಸಾಲಿನ ಮೇಲೆ ಇಟ್ಟೆ.

"ಆ ದೊರೆಯ ಹೆಸರು?"

"ಇವರಿಗಿಂತ ಕೆಳಗೆ ಅತ್ತೆ. ಇಂಗ್ಲಿಷಿನಲ್ಲಿ ಭಟ್ಟರು ಬಿಗೆ, ಕೋಲ್ಮನ್ ಸಿಗೆ."

ಅತ್ತೆ ಸ್ವಲ್ಪ ಹೊತ್ತು ಕಾಗದವನ್ನೇ ನೋಡಿದರು. ಆಮೇಲೆ, ಇದರದ್ದೊಂದು ಪ್ರತಿಯನ್ನು ಪಂಚಾಂಗದ ಕಟ್ಟಿನೊಳಗೆ ಹಳೆಯದರ ಜೊತೆಗೆ ಇಟ್ಟುಬಿಡು ಎಂದರು. ಇಟ್ಟಿದ್ದೇನೆ. ಲೇಖನ ಹೋಗಿ ಮೂರು ತಿಂಗಳಾಯಿತು, ಪತ್ರಿಕೆಯಿಂದ ಇನ್ನೂ ಉತ್ತರ ಬಂದಿಲ್ಲ.